ಬೈಸಿಕೊಂಡು ಬೆಳೆದ ಗಿಡ

ನನ್ನ ಗಿಡ ಕದ್ದವರು ಮರುವಾರ ನನ್ನ ಗೇಟಿನ ಮುಂದೆಯೇ ಬಂದು ನಿಂತು, "ಭಾಳ ಬೇಷ್ ಹತ್ಯಾದ ಮೇಡಮ್ರ, ಒಮ್ಮಿ ಬಂದು ನೋಡಿ ಹೋಗ್ರಿ" ಎಂದು ಕರೆದರು. ಹತ್ತುವುದು ಎಂದರೆ ಇಲ್ಲಿ ನೆಟ್ಟ ಕಡ್ಡಿ ಬೇರು ಬಿಡುವುದು. ಮುಖದಲ್ಲಿ ನಾಚಿಕೆಯಿಲ್ಲ, ಭಯವಿಲ್ಲ. ಮಗಳ ಬಾಣಂತನದ ಸುದ್ದಿ ಹೇಳಲು ಬಂದವರ ಹಾಗೆ ನಗುತ್ತಾ ನಿಂತಿದ್ದರು. ಹೋಗುವಾಗ ಒಬ್ಬಾಕೆ ತಿರುಗಿ, "ಬಂದಾಗ ಇನ್ನ ನಾಕ ಮಾತು ಬೈರಿ, ನಮ್ಮದು ಜರಾ ಸಣ್ಣಗದ" ಎಂದು ಬೇರೆ ಕೇಳಿಕೊಂಡಳು. ಕಸಬರಿಗೆ ಹಿಡಿದು ನಿಂತಿದ್ದ ನನಗೆ ಅದನ್ನು ಯಾರ ಮೇಲೆ ಎತ್ತಬೇಕೋ ತಿಳಿಯಲಿಲ್ಲ.

ನಾನು ಬಂದು ಸೇರಿರುವ ಊರು ಇಂಥದ್ದು.

ನಾನು ದೊಡ್ಡಬಳ್ಳಾಪುರದವಳು, ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು. ಬಡ್ತಿಯ ಜೊತೆಗೆ ಶಹಾಬಾದಕ್ಕೆ ಹೋಗಬೇಕು ಎಂಬ ಆದೇಶ ಬಂದಾಗ ನಮ್ಮ ಕಡೆಯವರು ಸಾವಿನ ಮನೆಗೆ ಬಂದ ಹಾಗೆ ಬಂದು ಹೋದರು. "ಗುಲ್ಬರ್ಗಾ ಕಡೇನಾ? ಯಾರ ಜೊತೆ ಜಗಳ ಆಡ್ಕೊಂಡಿದ್ದೆ ನೀನು?" ಎಂದು ಚಿಕ್ಕಮ್ಮ ಕೇಳಿದರು. ಅಲ್ಲಿ ನೀರಿಲ್ಲ, ನೆರಳಿಲ್ಲ, ಜನ ಒರಟು, ಒಂದು ಹಸಿರು ಕಡ್ಡಿಯೂ ಏಳುವುದಿಲ್ಲ ಎಂದು ಹೇಳಿದವರಲ್ಲಿ ಒಬ್ಬರೂ ಈ ಕಡೆ ಕಾಲಿಟ್ಟವರಲ್ಲ. ನಾನು ಆಗ ಅವರ ಮಾತನ್ನು ನಂಬಿದೆ. ಈಗ ಅದನ್ನು ನೆನೆದರೆ ಸಿಟ್ಟು ಬರುತ್ತದೆ. ಈ ಬರಹ ಓದುತ್ತಿರುವ ನಮ್ಮ ಊರಿನವರೇ, ಇದು ನಿಮ್ಮ ಮೇಲಿನ ಸಿಟ್ಟು. ಇಲ್ಲಿಯವರ ಮೇಲಿನದು ಬೇರೆಯೇ ಇದೆ, ಅದಕ್ಕೂ ಬರುತ್ತೇನೆ.

ಮನೆ ಹುಡುಕುವಾಗಲೇ ಆ ಸಿಟ್ಟು ಶುರುವಾಯಿತು. ನನಗೆ ಮದುವೆಯಾಗಿಲ್ಲ. ನಲವತ್ತು ದಾಟಿದೆ. ನಮ್ಮ ಕಡೆ ಮನೆ ಕೊಡದಿದ್ದರೆ "ಬೇರೆಯವರು ಬರ್ತಾರೆ" ಎಂದು ಸುಳ್ಳು ಹೇಳಿ ಕಳಿಸುತ್ತಾರೆ. ಇಲ್ಲಿ ಕೂರಿಸಿ, ನೀರು ಕೊಟ್ಟು, ನೇರವಾಗಿಯೇ ಕೇಳುತ್ತಾರೆ. "ಲಗ್ನ ಯಾಕ ಆಗಿಲ್ರಿ? ಯಾರೂ ಸಿಗಲಿಲ್ಲೇನು, ನೀವೇ ಬ್ಯಾಡ ಅಂದ್ರೇನು?" ನಾನು ಕೊನೆಗೆ ಬಾಡಿಗೆಗೆ ಹಿಡಿದ ಮನೆಯ ಮಾಲೀಕ ಕಲ್ಯಾಣರಾವ್ ಅವರೂ ಹಾಗೆಯೇ ಕೇಳಿದರು. "ನನಗೆ ಇಷ್ಟವಾಗಲಿಲ್ಲ" ಎಂದು ಕಡ್ಡಿ ಮುರಿದ ಹಾಗೆ ಹೇಳಿದೆ. ಅವರು ತಲೆಯಾಡಿಸಿ, "ಅದೂ ಬರೋಬ್ಬರಿನೇ ಅದ ಬಿಡ್ರಿ" ಎಂದು ಬೀಗದ ಕೈ ಕೊಟ್ಟರು. ಅಲ್ಲಿಯವರೆಗೆ ನಮ್ಮ ಊರಿನ ಒಬ್ಬರೂ ನನ್ನ ಮದುವೆಯ ವಿಷಯದಲ್ಲಿ ನನಗೆ ಬರೋಬ್ಬರಿ, ಅಂದರೆ ಸರಿ, ಎಂದು ಹೇಳಿರಲಿಲ್ಲ.

ಮನೆಯೋ, ಇಡೀ ಕಲ್ಲಿನದು. ನಮ್ಮಲ್ಲಿ ನೆಲಕ್ಕೆ ಹಾಕುವ ಶಹಾಬಾದ ಕಲ್ಲನ್ನು ಇಲ್ಲಿ ಫರ್ಶಿ ಎನ್ನುತ್ತಾರೆ. ಅದನ್ನೇ ನೆಲಕ್ಕೆ ಹಾಸುತ್ತಾರೆ, ಗೋಡೆಗೆ ನಿಲ್ಲಿಸುತ್ತಾರೆ, ತಲೆಯ ಮೇಲೆ ಚಾವಣಿಗೂ ಹೊದಿಸುತ್ತಾರೆ. ಅಡುಗೆಮನೆಯ ಕಪಾಟು ಅದೇ, ಬಟ್ಟೆ ಒಗೆಯುವುದು ಅದರ ಮೇಲೆಯೇ, ಅಂಗಳದ ಬೇಲಿ ಕೂಡ ಸಾಲಾಗಿ ನೆಟ್ಟ ಅದೇ ಚಪ್ಪಡಿಗಳು. ಕ್ಯಾಲೆಂಡರು ತೂಗುಹಾಕಲು ಮೊಳೆ ಹೊಡೆಯಲು ಹೋಗಿ ಮೊಳೆಯೇ ಸೊಟ್ಟಗಾಯಿತು. ಬೇಸಿಗೆಯಲ್ಲಿ ಆ ಕಲ್ಲು ಹಗಲೆಲ್ಲ ಬಿಸಿಲು ಕುಡಿದು, ಸಂಜೆ ನಾವು ಒಳಗೆ ಕುಳಿತಾಗ ಅದನ್ನು ನಮ್ಮ ಮೇಲೆ ಸುರಿಯುತ್ತದೆ. ಮೊದಲ ವರ್ಷ ನಾನು ಒದ್ದೆ ಟವೆಲ್ಲನ್ನು ತಲೆಗೆ ಸುತ್ತಿಕೊಂಡು ಉತ್ತರ ಪತ್ರಿಕೆ ತಿದ್ದಿದ್ದೇನೆ. ತಪ್ಪು ಮಾಡಿದ ಮಕ್ಕಳಿಗಿಂತ ಹೆಚ್ಚಾಗಿ ಆ ಚಾವಣಿಗೆ ಶಾಪ ಹಾಕಿದ್ದೇನೆ.

ಈ ಮನೆಗೆ ನಾನು ತಂದ ಸಾಮಾನಿನಲ್ಲಿ ನನ್ನದು ಎಂದು ಎದೆ ತಟ್ಟಿ ಹೇಳುವಂಥದ್ದು ಒಂದೇ. ಗೋಣಿತಾಟಿನಲ್ಲಿ ಸುತ್ತಿದ್ದ ಮೂರು ಡ್ರ್ಯಾಗನ್ ಹಣ್ಣಿನ ಕಡ್ಡಿಗಳು.

ಅವು ಅಪ್ಪನ ತೋಟದವು. ಅಪ್ಪ ಮಗ್ಗದ ಕೆಲಸ ಬಿಟ್ಟ ಮೇಲೆ ತೋಟದ ಮೂಲೆಯಲ್ಲಿ ಕಲ್ಲಿನ ಕಂಬಗಳನ್ನು ನೆಟ್ಟು, ತಲೆಗೆ ಹಳೆಯ ಟೈರು ಕಟ್ಟಿ, ಈ ಕಳ್ಳಿಯ ಜಾತಿಯ ಬಳ್ಳಿಯನ್ನು ಹತ್ತಿಸಿದ್ದರು. ಮೂರೇಣಿನ ಮುಳ್ಳಿನ ಕಾಂಡ ಕಂಬಕ್ಕೆ ಅಂಟಿಕೊಂಡು ಏರಿ, ಟೈರಿನ ಮೇಲೆ ಹಾದು, ಎಲ್ಲ ಕಡೆಗೂ ಜಡೆ ಬಿಟ್ಟಂತೆ ಇಳಿಯುತ್ತಿತ್ತು. ಜನ ಬಂದು ದ್ರಾಕ್ಷಿ ಹಾಕುವುದು ಬಿಟ್ಟು ಕಳ್ಳಿ ಹಾಕಿದ್ದೀಯಲ್ಲಯ್ಯ ಎಂದು ನಕ್ಕರು. ಅಪ್ಪ ಹಣ್ಣು ಕೊಯ್ದು, ಉದ್ದಕ್ಕೆ ನಾಲ್ಕು ಹೋಳು ಮಾಡಿ ಅವರ ಕೈಗೇ ಕೊಡುತ್ತಿದ್ದರು. ಮೊದಲ ಹೋಳು ಮಾತ್ರ ಯಾವಾಗಲೂ ನನಗೆ. ತಮ್ಮ ರಘುವಿಗೆ ಅದು ಸಪ್ಪೆ, ಬೇಡ.

ಅಪ್ಪ ಹೋದ ಮೇಲೆ ರಘು, "ತೋಟ ಎಲ್ಲೂ ಹೋಗಲ್ಲ ಅಕ್ಕ, ಸುಮ್ಮನೆ ಒಂದು ಕಡೆ ಹೆಸರು ಇರಲಿ. ನೀನು ಒಬ್ಬಳೇ, ನಿನಗ್ಯಾಕೆ ಓಡಾಟ?" ಎಂದು ಸಹಿ ಹಾಕಿಸಿಕೊಂಡ. ಒಬ್ಬಳೇ ಇರುವವಳಿಗೆ ನೆಲ ಬೇಡ ಎಂದು ಯಾರು ಹೇಳಿದರೋ ಗೊತ್ತಿಲ್ಲ. ಸಹಿ ಹಾಕಿದೆ. ಶಹಾಬಾದಕ್ಕೆ ಹೊರಡುವಾಗ ಮೂರು ಕಡ್ಡಿ ಮಾತ್ರ ಕೇಳಿ ಕಡಿದುಕೊಂಡು ಬಂದೆ.

ಇಲ್ಲಿ ನೆಡಲು ಅಂಗಳ ಅಗೆದರೆ ಗೇಣು ಆಳಕ್ಕೆ ಹಾರೆ ಠಣ್ ಎಂದಿತು. ಅಲ್ಲಿಂದ ಕೆಳಗೆ ಬರೀ ಕಲ್ಲು. ನಮ್ಮಲ್ಲಿ ಕೆಂಪು ಮಣ್ಣು ಕೇಳಿದವರಿಗೆ ಹುಚ್ಚು ಎನ್ನುತ್ತಾರೆ, ಕಾಲಿಟ್ಟಲ್ಲೆಲ್ಲ ಅದೇ ಇರುತ್ತದೆ. ಇಲ್ಲಿ ಅದು ಸಿಗಬೇಕಾದರೆ ಚಿಂಚೋಳಿಯ ಕಡೆ ಹೋಗಬೇಕು. ಅದರ ಪಕ್ಕದ ಚಂದಾಪುರದಿಂದ ಓಡಾಡುವ ಸಹೋದ್ಯೋಗಿಯೊಬ್ಬರು ಅಲ್ಲಿಂದ ಎರಡು ಚೀಲ ತಂದುಕೊಟ್ಟರು. ಮಿಕ್ಕ ಗುಂಡಿಗೆ ಇಲ್ಲಿಯದೇ ಎರೆಮಣ್ಣು ತುಂಬಿದೆ. ಅದೇ ಮುಂದೆ ನನ್ನ ತಲೆಗೆ ಬಂತು. ಕಂಬಕ್ಕೆ ಮಾತ್ರ ಕೊರತೆಯಿರಲಿಲ್ಲ. ಉದ್ದಕ್ಕೆ ಸೀಳಿದ ಮೂರು ಫರ್ಶಿಗಳನ್ನು ನೆಟ್ಟು, ತಲೆಗೆ ಟೈರು ಕಟ್ಟಿದೆ.

ನಾನು ಹಾರೆ ಹಿಡಿದು ಬಡಿದಾಡುವುದನ್ನು ಬೇಲಿಯ ಆಚೆಯಿಂದ ನೋಡುತ್ತಾ ನಿಂತಿದ್ದವಳು ಜಗದೇವಿ. ಪಕ್ಕದ ಮನೆಯವಳು, ನನಗಿಂತ ಹತ್ತು ವರ್ಷ ದೊಡ್ಡವಳು, ಎರಡು ಎಮ್ಮೆ ಕಟ್ಟಿಕೊಂಡು ಬೀದಿಗೆಲ್ಲ ಹಾಲು ಹಾಕುವವಳು.

"ಮುಳ್ಳಿಂದು ಮನಿ ಮುಂದ ಹಚ್ಚಬಾರ್ದ್ರಿ ಮೇಡಮ್ರ, ಮನ್ಯಾಗ ಜಗಳ ಆಗ್ತಾವ" ಎಂದಳು.

"ನಾನು ಒಬ್ಬಳೇ ಇರೋದು. ಯಾರ ಜೊತೆ ಜಗಳ ಆಡಲಿ?" ಎಂದೆ.

"ನಾವೆಲ್ಲ ಇದ್ದೀವಲ್ರಿ" ಎಂದು ಆಕೆ ಒಳಗೆ ಹೋಗಿ, ಒಂದು ಬುಟ್ಟಿ ಒಣಗಿದ ಸಗಣಿ ಗೊಬ್ಬರ ತಂದು ಸುರಿದಳು. ಆ ಮಾತು ಮುಂದೆ ಅಕ್ಷರಶಃ ನಿಜವಾಯಿತು.

ಮೊದಲ ಎರಡು ವರ್ಷ ನಾನು ಗಿಡದ ಜೊತೆಗೇ ಊರನ್ನೂ ಕಲಿತೆ. ರಾಗಿ ಹಿಟ್ಟು ಸಿಗದೆ ಅತ್ತಿದ್ದುಂಟು. ಜೋಳದ ರೊಟ್ಟಿ ತಟ್ಟಲು ಹೋಗಿ ಭೂಪಟ ಮಾಡಿದ್ದುಂಟು. ಜಗದೇವಿ ನನ್ನ ಕೈ ಹಿಡಿದು, "ಹಿಟ್ಟಿನ ಮ್ಯಾಲ ಸಿಟ್ಟು ಮಾಡಬ್ಯಾಡ್ರಿ" ಎಂದು ತಿದ್ದಿದಳು. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ, ಒಂದು ದಿನ ರೊಟ್ಟಿ ಉಬ್ಬಿತು. ಅದನ್ನು ಬಿಸಿಬಿಸಿ ತಿನ್ನಲು ಎದುರಿಗೆ ಯಾರೂ ಇಲ್ಲವಲ್ಲ ಎಂದು ಬಾಗಿಲಲ್ಲಿ ನಿಂತು ನೋಡಿದೆ. ಬೀದಿ ಖಾಲಿಯಿತ್ತು. ಹೋಗಿ ಗಿಡದ ಹತ್ತಿರ ಕುಳಿತು ತಿಂದೆ. ನಗುವವರು ನಗಲಿ.

ಗಿಡವನ್ನು ಸಾಕಿದ್ದು ಸುಲಭವಾಗಿರಲಿಲ್ಲ. ಮರುಭೂಮಿಯ ಜಾತಿ, ಬಿಸಿಲಿಗೇನು ಭಯ ಎಂದುಕೊಂಡಿದ್ದೆ. ಇಲ್ಲಿಯ ಏಪ್ರಿಲ್ ಬಿಸಿಲಿಗೆ ಕಾಂಡ ಹಳದಿಗೆ ತಿರುಗಿ ಬೆಂದ ಹಾಗಾಯಿತು. ಹಳೆಯ ಸೀರೆ ಕಟ್ಟಿ ನೆರಳು ಮಾಡಿದೆ. ಕಲ್ಲು ಕೊಯ್ಯುವ ಕಡೆಯಿಂದ ಹಾರಿ ಬರುವ ಬಿಳಿ ದೂಳು ಕಾಂಡದ ಮೇಲೆ ಕೂರುತ್ತಿತ್ತು. ಶಾಲೆಯಿಂದ ಬಂದು ಒದ್ದೆ ಬಟ್ಟೆಯಲ್ಲಿ, ಮುಳ್ಳು ಚುಚ್ಚಿಸಿಕೊಳ್ಳುತ್ತಾ, ಗಿಡದ ಒಂದೊಂದೇ ಕೈಯನ್ನು, ಅಂದರೆ ಕವಲನ್ನು, ಒರೆಸುತ್ತಿದ್ದೆ. ಎರಡನೇ ಬೇಸಿಗೆಯ ಹೊತ್ತಿಗೆ ಕೊಂಬೆಗಳು ಟೈರಿನಿಂದ ಇಳಿಬಿದ್ದು ತೂಗುತ್ತಿದ್ದವು. ಮೇ ತಿಂಗಳಲ್ಲಿ ಒಂದೆರಡು ಕೈಗಳ ಅಂಚಿನಲ್ಲಿ ಜೋಳದ ಕಾಳಿನಷ್ಟು ಮೊಗ್ಗು ಕಂಡವು. ಅದೇ ಸಂತೋಷದಲ್ಲಿ ರಜೆಗೆ ಊರಿಗೆ ಹೋದೆ.

ಊರಲ್ಲಿ ತೋಟವಿರಲಿಲ್ಲ. ಅಪ್ಪನ ಕಂಬಗಳಿದ್ದ ಮೂಲೆಯಲ್ಲಿ ಸೈಟಿನ ಗುರುತಿನ ಕಲ್ಲುಗಳಿದ್ದವು, ನಡುವೆ ಜಲ್ಲಿ ಹಾಕಿದ ರಸ್ತೆ. ರಘು ನನಗೆ ಒಂದು ಮಾತು ಹೇಳಿರಲಿಲ್ಲ. ಕೇಳಿದರೆ, "ಹೇಳಿದ್ರೆ ನೀನು ಕೂಗಾಡ್ತಿದ್ದೆ, ಅದಕ್ಕೇ ಹೇಳಲಿಲ್ಲ" ಎಂದ. ಗಿಡಗಳು ಎಲ್ಲಿ ಎಂದೆ. "ಜೆಸಿಬಿ ಬಂದಾಗ ಎಲ್ಲಾ ಹೋಯ್ತಕ್ಕ, ಕಳ್ಳಿ ತಾನೇ" ಎಂದ. ಉಂಡೂ ಹೋದ ಕೊಂಡೂ ಹೋದ ಎನ್ನುತ್ತಾರಲ್ಲ, ಅದು ಹೊರಗಿನವರ ಬಗ್ಗೆ ಮಾತ್ರ ಎಂದುಕೊಂಡಿದ್ದೆ. ನಾನು ಕೂಗಾಡಲಿಲ್ಲ. ಬಾಯೇ ಬರಲಿಲ್ಲ. ಉಳಿಯಬೇಕಾದ ದಿನಗಳನ್ನು ಬಿಟ್ಟು ರೈಲು ಹತ್ತಿದೆ. ದಾರಿಯುದ್ದಕ್ಕೂ ಒಂದೇ ಮಾತು ಮನಸ್ಸಿನಲ್ಲಿ: ಅಪ್ಪನದು ಎನ್ನುವುದು ಇನ್ನು ಉಳಿದಿರುವುದು ಶಹಾಬಾದದ ನನ್ನ ಅಂಗಳದಲ್ಲಿ ಮಾತ್ರ.

ಗೇಟು ತೆರೆದೆ. ಮೂರು ಕಂಬಗಳ ಮೇಲೂ ಇಳಿಬಿದ್ದ ಕೈ ಒಂದೂ ಇರಲಿಲ್ಲ. ಟೈರಿನ ಅಂಚಿಗೆ ಸರಿಯಾಗಿ ಕೊಯ್ದಿದ್ದರು, ಕತ್ತರಿಸಿದ ಬಾಯಿಗಳು ಒಣಗಿ ಬೆಳ್ಳಗಾಗಿದ್ದವು. ಮೊಗ್ಗು ಬಂದಿದ್ದ ಕೈಗಳೂ ಹೋಗಿದ್ದವು.

ಊರಲ್ಲಿ ಬಾರದ ಬಾಯಿ ಇಲ್ಲಿ ಬಂತು. ಚೀಲ ಅಲ್ಲೇ ಎಸೆದು ಬೀದಿಯ ನಡುವೆ ನಿಂತೆ. ನಾನು ಏನೇನು ಬೈದೆ ಎಂಬುದನ್ನು ಇಲ್ಲಿ ಬರೆಯಲಾರೆ, ನನ್ನ ವಿದ್ಯಾರ್ಥಿಗಳೂ ಇದನ್ನು ಓದಬಹುದು. ಕೈ ಸೇದಿ ಹೋಗಲಿ ಎಂದೆ, ಮನೆಯಲ್ಲಿ ಕಳ್ಳಿಯೇ ಬೆಳೆಯಲಿ ಎಂದೆ, ಅಪ್ಪ, ತಮ್ಮ, ತೋಟ, ಜೆಸಿಬಿ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಸೇರಿಸಿ ಕಿರುಚಿದೆ. ದೊಡ್ಡಬಳ್ಳಾಪುರದಲ್ಲಾಗಿದ್ದರೆ ಕಿಟಕಿಗಳು ಮುಚ್ಚಿಕೊಳ್ಳುತ್ತಿದ್ದವು. ಇಲ್ಲಿ ಎಲ್ಲರೂ ಹೊರಗೆ ಬಂದರು. ಕಟ್ಟೆಯ ಮೇಲೆ ಕುಳಿತು, ಕೆಲವರು ಸೊಪ್ಪು ಸೋಸುತ್ತಾ, ತುಂಬ ಗಂಭೀರವಾಗಿ ಕೇಳಿದರು. ನಾನು ದಣಿದು ನಿಲ್ಲಿಸಿದಾಗ ಜಗದೇವಿ ತಂಬಿಗೆಯಲ್ಲಿ ನೀರು ತಂದಳು.

"ಕುಡೀರಿ. ಭಾಳ ಛಲೋ ಬೈದ್ರಿ" ಎಂದಳು.

"ಯಾರು ಕಡಿದದ್ದು?"

"ನಾನೂ ಒಂದು ಕಡ್ಡಿ ಒಯ್ದೀನ್ರಿ." ಉಪ್ಪು ತೆಗೆದುಕೊಂಡು ಹೋದೆ ಎನ್ನುವ ಹಾಗೆ ಹೇಳಿದಳು. "ಎಲ್ಲಾರೂ ಒಯ್ದಾರ."

"ಕೇಳಿದ್ದರೆ ಕೊಡುತ್ತಿರಲಿಲ್ಲವಾ ನಾನು?"

"ಕೇಳಿ ತಂದಿದ್ದು ಹತ್ತಂಗಿಲ್ರಿ. ಕಳವು ಮಾಡೇ ಒಯ್ಯಬೇಕು. ಮತ್ತ ಒಯ್ದ ಮ್ಯಾಲ ಅದರ ಮಾಲಕರು ಬಾಯಿ ತುಂಬ ಬೈಬೇಕು. ಬೈಸ್ಕೊಂಡ್ರ ಜಲ್ದಿ ಬೇರು ಬಿಡ್ತದ. ನೀವು ಊರಾಗ ಇರಲಿಲ್ಲ, ಯಾವಾಗ ಬರ್ತೀರೋ, ಯಾವಾಗ ಬೈತೀರೋ ಅಂತ ಎಲ್ಲಾರೂ ಹಾದಿ ನೋಡ್ಲಿಕತ್ತಿದ್ರು."

ಕಳ್ಳನಿಗೊಂದು ಪಿಳ್ಳೆ ನೆವ. ನಮ್ಮ ಕಡೆಯೂ ಮನಿಪ್ಲಾಂಟ್ ಕದ್ದು ತಂದರೆ ಚೆನ್ನಾಗಿ ಬೆಳೆಯುತ್ತದೆ ಎನ್ನುವುದುಂಟು, ಆದರೆ ಅದು ನಗೆಯ ಮಾತು. ಇಲ್ಲಿ ಅದನ್ನು ಬಿತ್ತನೆಯ ಕ್ರಮದ ಹಾಗೆ ಪಾಲಿಸುತ್ತಾರೆ. ನನ್ನ ಹೊಟ್ಟೆಯ ಉರಿಯನ್ನು ಇವರು ಗೊಬ್ಬರದ ಲೆಕ್ಕಕ್ಕೆ ಹಾಕಿಕೊಂಡಿದ್ದರು. ಸಿಟ್ಟು ನೂರ್ಮಡಿಯಾಯಿತು. ಪೊಲೀಸರಿಗೆ ದೂರು ಕೊಡುತ್ತೇನೆ ಎಂದೆ.

"ಕೊಡ್ರಿ" ಎಂದಳು ಜಗದೇವಿ. "ಹವಾಲ್ದಾರ್ರು ಭೀ ಒಂದು ಒಯ್ದಾರ."

ಮಾಲೀಕರ ಮನೆಗೆ ಹೋದೆ. ಕಲ್ಯಾಣರಾವ್ ಅವರ ಹಿತ್ತಲಿನಲ್ಲಿ, ಡಬ್ಬಿಯೊಂದರಲ್ಲಿ, ನನ್ನ ಗಿಡದ ಕೈ ನೆಟ್ಟಗೆ ನಿಂತಿತ್ತು. ಅವರು ಅದಕ್ಕೆ ಅಡ್ಡ ನಿಂತು, "ಕುಂದ್ರಿ, ಚಾ ಕುಡೀರಿ" ಎಂದರು. ಕುಡಿಯದೆ ಬಂದೆ. ಆಮೇಲಿನ ವಾರವೇ ನಾನು ಮೊದಲು ಹೇಳಿದ ಆ ಹೆಂಗಸರು ಗೇಟಿನ ಮುಂದೆ ಬಂದು ನಿಂತದ್ದು.

ಅಂದಿನಿಂದ ಗೇಟಿಗೆ ಬೀಗ ಹಾಕಿದೆ. ಜಗದೇವಿಯ ಹಾಲು ನಿಲ್ಲಿಸಿ ಪ್ಯಾಕೆಟ್ ಹಾಲು ತಂದೆ. ಬೀದಿಯಲ್ಲಿ ಯಾರು ಮಾತನಾಡಿಸಿದರೂ ತಲೆ ತಗ್ಗಿಸಿ ಹೋದೆ. ಮೊಂಡಾದ ಕಾಂಡಗಳು ಬೇಗ ಚಿಗುರಲಿ ಎಂದು ಹಟಕ್ಕೆ ಬಿದ್ದು ಗೊಬ್ಬರ ಸುರಿದೆ, ನೀರು ಸುರಿದೆ. ಆ ವರ್ಷ ಮಳೆಯೂ ಬಿಡದೆ ಬಂತು. ಕೆಳಗೆ ಕಲ್ಲು, ಮೇಲೆ ಎರೆಮಣ್ಣು, ನೀರು ಎಲ್ಲಿಗೂ ಹೋಗಲಿಲ್ಲ. ಬುಡ ಮೆತ್ತಗಾಗಿ, ಬೇಯಿಸಿದ ಬದನೆಕಾಯಿಯ ಹಾಗೆ ಕಂದು ಬಣ್ಣಕ್ಕೆ ತಿರುಗಿ, ಒಂದೊಂದೇ ಕಂಬದಿಂದ ಜಾರಿ ಬಿತ್ತು. ದಸರೆಯ ಹೊತ್ತಿಗೆ ಮೂರೂ ಕಂಬ ಬರಿದಾದವು. ಕೈಗೆ ಅಂಟಿದ ಕೊಳೆಯ ವಾಸನೆ ಎಷ್ಟು ತೊಳೆದರೂ ಹೋಗಲಿಲ್ಲ. ಅಪ್ಪ ಎರಡನೇ ಸಲ ಸತ್ತಷ್ಟೇ ದುಃಖವಾಯಿತು, ಹಾಗೆಂದು ಹೇಳಿಕೊಳ್ಳಲು ಒಬ್ಬರೂ ಇರಲಿಲ್ಲ.

ವರ್ಗಾವಣೆ ಕೇಳೋಣ ಎಂದು ಆ ಚಳಿಗಾಲವೆಲ್ಲ ಯೋಚಿಸಿದೆ. ಕೇಳಿ ಎಲ್ಲಿಗೆ ಹೋಗುವುದು? ಸೈಟಿನ ಕಲ್ಲುಗಳ ನಡುವೆಯೇ?

ಮುಂದಿನ ಜೂನಿನ ಒಂದು ಸಂಜೆ, ದೀಪ ಹಚ್ಚುವ ಹೊತ್ತು ದಾಟಿತ್ತು, ಬೇಲಿಯಾಚೆ ಗದ್ದಲ ಕೇಳಿಸಿತು. ಇಣುಕಿದೆ. ಜಗದೇವಿಯ ಅಂಗಳದ ಕಂಬದ ಮೇಲೆ ಗೇಣಗಲದ ಬಿಳಿ ಹೂವೊಂದು ಬಿರಿಯುತ್ತಿತ್ತು. ಸುತ್ತ ಬೀದಿಯ ಹೆಂಗಸರೆಲ್ಲ ಊದುಬತ್ತಿ, ಕುಂಕುಮ, ಕಾಯಿ ಹಿಡಿದು ನಿಂತಿದ್ದರು. ಬ್ರಹ್ಮಕಮಲ ಎಂದು ತಿಳಿದುಕೊಂಡಿದ್ದರು. ಜಗದೇವಿ ಹೂವನ್ನು ಕೊಯ್ದು ದೇವರಿಗೆ ಏರಿಸಲು ಕುಡುಗೋಲು ಎತ್ತಿದ್ದಳು.

"ಮುಟ್ಟಿದರೆ ನೋಡು" ಎಂದು ಕೂಗಿದೆ.

ಒಂದು ವರ್ಷದಿಂದ ಆ ಅಂಗಳಕ್ಕೆ ಕಾಲಿಡದವಳು ನುಗ್ಗಿ ಹೋಗಿ ಅವಳ ಕೈ ಹಿಡಿದೆ. ಇದು ಬ್ರಹ್ಮಕಮಲ ಅಲ್ಲ, ಇದನ್ನು ಕೊಯ್ದರೆ ಹಣ್ಣಾಗುವುದಿಲ್ಲ, ನಿಮಗೆ ಗಿಡ ಕದಿಯಲು ಮಾತ್ರ ಗೊತ್ತು, ಸಾಕಲು ಗೊತ್ತಿಲ್ಲ ಎಂದು ಬಾಯಿಗೆ ಬಂದದ್ದು ಬೈದೆ. ಬೈಯುತ್ತಲೇ ಹತ್ತಿ ತರಿಸಿ, ಹೂವಿನೊಳಗಿನ ಹಳದಿ ಪುಡಿಯನ್ನು ಅದರಿಂದ ಎತ್ತಿ ನಡುವಿನ ನಕ್ಷತ್ರದಂಥ ತುದಿಗೆ ಹಚ್ಚಿದೆ. ಅಪ್ಪ ಹೀಗೆಯೇ ಮಾಡುತ್ತಿದ್ದರು. ಹೂವಿನ ಬಿಸಿ ಪರಿಮಳ ಮುಖಕ್ಕೆ ಬಡಿಯಿತು. ಹೆಂಗಸರು ಹೂವಿಗೆ ಕುಂಕುಮ ಹಚ್ಚಲಿಲ್ಲ, ಕಂಬಕ್ಕೆ ಹಚ್ಚಿ ಹೋದರು. ಆ ವಾರ ನಾನು ಸಂಜೆಯಾದರೆ ಹತ್ತಿ ಹಿಡಿದು ಮನೆಮನೆಗೆ ತಿರುಗಿದೆ. ಹವಾಲ್ದಾರರ ಮನೆಗೂ ಹೋದೆ, ಅಲ್ಲಿ ಮಾತ್ರ ಸ್ವಲ್ಪ ಮೆತ್ತಗೆ ಬೈದೆ.

ಹೂವು ಬಾಡಿ, ಅದರ ಬುಡ ಉಬ್ಬಿ ಹಸಿರು ಕಾಯಾಯಿತು. ತಿಂಗಳೊಳಗೆ ಅದು ಕೆಂಪೇರಿತು. ಹಕ್ಕಿ ಕುಕ್ಕದ ಹಾಗೆ ಜಗದೇವಿ ತನ್ನ ಮೊಮ್ಮಗಳ ಹಳೆಯ ಕಾಲುಚೀಲ ತೊಡಿಸಿದಳು. ಸಿಪ್ಪೆಯ ಮೇಲಿನ ರೆಕ್ಕೆಗಳ ತುದಿ ಒಣಗತೊಡಗಿದಾಗ, ತಿರುವಿ ಕೀಳಬೇಡ, ಕಾಂಡದ ಚೂರು ಸೇರಿಸಿ ಕೊಯ್ಯಿ ಎಂದು ಬೇಲಿಯಿಂದಲೇ ಗದರಿದೆ. ಅವಳು ಕೊಯ್ದವಳೇ ತನ್ನ ದೇವರ ಮನೆಗೆ ಹೋಗದೆ ನೇರ ನನ್ನ ಬಾಗಿಲಿಗೆ ಬಂದಳು. ಉದ್ದಕ್ಕೆ ಹೋಳು ಮಾಡಿದೆ. ಬಿಳಿ ತಿರುಳು, ಕಪ್ಪು ಬೀಜ. ಬಾಯಿಗಿಟ್ಟರೆ ಅದೇ ರುಚಿ, ಇದೆಯೋ ಇಲ್ಲವೋ ಎನ್ನುವಂಥ ಸಿಹಿ. ನನಗೆ ಅಳು ಬಂತು. ಜಗದೇವಿಯೂ ಒಂದು ಹೋಳು ತಿಂದು ಮುಖ ಸಿಂಡರಿಸಿದಳು.

"ಇದಕ್ಕಾ ಇಷ್ಟು ಬೈದ್ರಿ ಮೇಡಮ್ರ? ಸಪ್ಪನ್ನದು ಅದಲ್ರಿ" ಎಂದು ತನ್ನ ಹೋಳಿಗೆ ಗುರೆಳ್ಳು ಹಿಂಡಿ ಉದುರಿಸಿಕೊಂಡಳು. ಹಿಂಡಿ ಎಂದರೆ ಇಲ್ಲಿಯ ಚಟ್ನಿಪುಡಿ. ಡ್ರ್ಯಾಗನ್ ಹಣ್ಣಿಗೆ ಹಿಂಡಿ ಹಾಕಿಕೊಂಡು ತಿನ್ನುವುದು ಅಪರಾಧ ಎಂದು ಈಗಲೂ ನನ್ನ ಅಭಿಪ್ರಾಯ.

ಆಗ ನಾನು ಬಾಯಿಬಿಟ್ಟು ಕೇಳಿದೆ. ನನ್ನವು ಮೂರೂ ಕೊಳೆತು ಹೋದವು, ನನಗೆ ಒಂದು ಕಡ್ಡಿ ಕೊಡು ಎಂದೆ. ಸಣ್ಣ ಮಾತಾಗಿರಲಿಲ್ಲ ಅದು. ನನ್ನದೇ ಗಿಡವನ್ನು ಕದ್ದವಳ ಮುಂದೆ ಕೈಯೊಡ್ಡಿದ್ದೆ.

"ಕೊಡಂಗಿಲ್ರಿ" ಎಂದಳು.

ಮೈಯೆಲ್ಲ ಉರಿದುಹೋಯಿತು. "ನನ್ನ ಗಿಡ ಅದು. ನಮ್ಮಪ್ಪನ ಗಿಡ."

"ಅದಕ್ಕೇ ಕೊಡಂಗಿಲ್ಲ. ಕೊಟ್ರ ಹತ್ತಂಗಿಲ್ಲ. ಒಮ್ಮಿ ಕೊಳತು ಹೋಗ್ಯಾದ, ಇನ್ನೊಮ್ಮಿ ಹೋದ್ರ ನೀವು ಊರು ಬಿಟ್ಟು ಹೋಗ್ತೀರಿ." ಎದ್ದು ಸೆರಗು ಸಿಕ್ಕಿಸಿಕೊಂಡಳು. "ನಾ ಎಮ್ಮಿ ಹಿಂಡ್ಲಿಕ್ಕ ಹೋಗ್ತೀನಿ. ಗೇಟ್ ತೆರದದ. ಕುಡಗೋಲು ಕಟ್ಟಿ ಮ್ಯಾಲ ಅದ."

ನಾನು ಮೂರು ಒಳ್ಳೆಯ ಬಲಿತ ಕೈಗಳನ್ನು ಆರಿಸಿ ಕೊಯ್ದೆ. ಜೀವಮಾನದಲ್ಲಿ ಮೊದಲ ಕಳವು, ಅದೂ ನನ್ನ ಮಾಲನ್ನೇ. ಕೊಟ್ಟಿಗೆಯೊಳಗಿಂದ ಜಗದೇವಿ ಎಮ್ಮೆಗೆ ಗಟ್ಟಿಯಾಗಿ, "ಯಾರೂ ಬಂದಿಲ್ಲ ಸುಮ್ಕ ನಿಂದರು" ಎಂದು ಹೇಳುತ್ತಿದ್ದಳು. ಸೆರಗಿನಲ್ಲಿ ಸುತ್ತಿಕೊಂಡು ಬರುವಾಗ ಮುಳ್ಳು ಹೊಟ್ಟೆಗೆ ಚುಚ್ಚಿತು.

ಮಾರನೆಯ ಬೆಳಿಗ್ಗೆ ಶಾಲೆಗೆ ಹೊರಡುತ್ತಿದ್ದೆ. ಜಗದೇವಿ ಬೀದಿಯ ನಡುವೆ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. "ಯಾವಾಕಿ ಬಂದು ಕಡಕೊಂಡು ಹೋಗ್ಯಾಳ ನಮ್ಮ ಗಿಡ? ಆಕಿ ಕೈಯಾಗ ಹುಳ ಬೀಳ್ಲಿ. ಎಲ್ಲಿಂದೋ ಬಂದಾಕಿ, ನಮ್ಮ ಹಾಲು ಬಿಟ್ಟು ಪಾಕೀಟ್ ಹಾಲು ಕುಡಿಯಾಕಿ" ಎಂದು ಶುರು ಮಾಡಿದಳು. ಅದರಲ್ಲಿ ಅರ್ಧ ಕಡ್ಡಿಗೆಂದು ಬೈದದ್ದು, ಅರ್ಧ ಒಂದು ವರ್ಷದ ನಿಜವಾದ ಸಿಟ್ಟು. ಎರಡೂ ನನಗೆ ಸೇರಬೇಕಾದವೇ. ತಲೆ ತಗ್ಗಿಸಿ ಪೂರ್ತಿ ಕೇಳಿಸಿಕೊಂಡು ಹೋದೆ. ಈ ಸಲ ಎರೆಮಣ್ಣು ತೆಗೆದು ಕಲ್ಲುಪುಡಿ, ಕೆಂಪು ಮಣ್ಣು ಬೆರೆಸಿ, ಕಂಬದ ಬುಡ ಏರಿಸಿ ನೆಟ್ಟಿದ್ದೆ. ಮೂರೂ ಬೇರು ಬಿಟ್ಟವು. ಮಣ್ಣಿನಿಂದಲೋ ಬೈಗುಳದಿಂದಲೋ ಎಂದು ಗಣಿತದ ಟೀಚರನ್ನು ಕೇಳಬೇಡಿ.

ಹೋದ ತಿಂಗಳು ರಘು ಫೋನ್ ಮಾಡಿದ. ತೋಟವಿದ್ದ ಜಾಗದಲ್ಲೇ ತನಗೊಂದು ಸೈಟು ಉಳಿಸಿಕೊಂಡಿದ್ದನಂತೆ, ಮನೆ ಮುಗಿದಿದೆ, ಗೃಹಪ್ರವೇಶಕ್ಕೆ ಬಾ ಎಂದ. ನಾನು ಮೊಬೈಲಿನ ಸ್ಟೇಟಸ್‌ನಲ್ಲಿ ಹಾಕಿದ್ದ ನನ್ನ ಗಿಡದ ಚಿತ್ರ ನೋಡಿದ್ದನಂತೆ.

"ಬರ್ತಾ ಅಪ್ಪನ ಗಿಡದ್ದು ಒಂದು ಕಡ್ಡಿ ತಗೊಂಡ್ ಬಾ ಅಕ್ಕ. ಗೇಟ್ ಪಕ್ಕ ಹಾಕಿದ್ರೆ ಚೆನ್ನಾಗಿ ಕಾಣತ್ತೆ. ಅಪ್ಪನ ನೆನಪೂ ಇರತ್ತೆ."

ಜೆಸಿಬಿ ಹೊಡೆಸಿದ ಬಾಯಿಯಲ್ಲೇ ನೆನಪು ಎನ್ನುತ್ತಿದ್ದ. ನಾನು ಏನು ಹೇಳಬೇಕು ಎಂದು ಯೋಚಿಸುವ ಮೊದಲೇ ಬಾಯಿಂದ ಬಂದದ್ದು, "ಕೊಡಂಗಿಲ್ಲ."

"ಏನು?"

"ಕೊಡಂಗಿಲ್ಲ ಅಂದೆ. ಕೊಟ್ರ ಹತ್ತಂಗಿಲ್ಲ."

"ಏನಕ್ಕ, ಆ ಕಡೆಯವರ ಥರ ಮಾತಾಡ್ತೀಯಲ್ಲ. ಅದು ಅಪ್ಪಂದು. ನನಗೂ ಹಕ್ಕಿಲ್ವಾ?"

"ಇದೆ. ಬೇಕಿದ್ದರೆ ಶಹಾಬಾದಕ್ಕೆ ಬಂದು ಕದ್ದುಕೊಂಡು ಹೋಗು" ಎಂದೆ. ಅವನು, "ಆ ಬಿಸಿಲಿಗೆ ನಿನ್ನ ತಲೆ ಕೆಟ್ಟಿದೆ" ಎಂದು ಫೋನ್ ಇಟ್ಟ.

ಗೃಹಪ್ರವೇಶಕ್ಕೆ ನಾನು ಹೋಗಲಿಲ್ಲ. ಅಪ್ಪನ ಕಂಬಗಳ ಮೇಲೆ ಹಾಸಿದ ಟೈಲ್ಸ್ ಮೇಲೆ ಕುಳಿತು ಹೋಳಿಗೆ ತಿನ್ನುವಷ್ಟು ದೊಡ್ಡ ಮನಸ್ಸು ನನಗಿಲ್ಲ. ಹಾಗೆಂದು ಇಲ್ಲಿಯವಳಾಗಿಬಿಟ್ಟೆ ಎಂದೂ ಹೇಳಲಾರೆ. ಊರಿನಿಂದ ಬಂದವರು ಈ ಊರನ್ನು ಹೀಗಳೆದರೆ ಅವರ ಮೇಲೆ ಬೀಳುತ್ತೇನೆ, ಇಲ್ಲಿಯವರು ನಮ್ಮ ಮುದ್ದೆಯನ್ನು ನೋಡಿ ನಕ್ಕರೆ ಇವರ ಮೇಲೆ ಬೀಳುತ್ತೇನೆ. ಎರಡು ಕಡೆಯೂ ನನ್ನ ಬಾಯಿಗೆ ಹೆದರುತ್ತಾರೆ, ಎರಡು ಕಡೆಯೂ ಪೂರ್ತಿ ನನ್ನವರಲ್ಲ.

ಆ ಫೋನಿನ ನಂತರ ನಾನು ಗೇಟಿಗೆ ಬೀಗ ಹಾಕುವುದನ್ನು ಬಿಟ್ಟಿದ್ದನ್ನು ಜಗದೇವಿ ಗಮನಿಸಿದಳು. ತಮ್ಮನ ಮಾತು ಹೇಳಿದೆ.

"ಬರ್ತಾರೇನ್ರಿ ಅವರು?" ಎಂದಳು.

"ಬರಲ್ಲ."

"ಅಕಸ್ಮಾತ್ ಬಂದು ಒಯ್ದ್ರ, ಮರುದಿನ ನಾನೇ ಬೈಲ್ಯಾ? ನಿಮಗ ಸಾಲಿಗಿ ಹೊತ್ತಾಗ್ತದ."

"ಬೇಡ" ಎಂದೆ. "ಅವನನ್ನು ನಾನೇ ಬೈಯಬೇಕು. ಅವನು ಅಲ್ಲಿ ನೆಡೋದು ಬದುಕಬೇಕಲ್ಲ."